ಯಾವುದು ‘ಒಂದು’? ಸಂಶೋಧನೆಯಲ್ಲಿ ಸಂಖ್ಯಾಶಾಸ್ತ್ರ ಬಳಸುವ ಬಗೆ

ದತ್ತಾಂಶವೆಲ್ಲ ಕೈಸೇರಿದ ಮೇಲೆ ‘ಇದಕ್ಕೆ ಯಾವ ಟೆಸ್ಟ್ ಹಾಕಬೇಕು?’ ಎಂಬ ಪ್ರಶ್ನೆ ಏಳುತ್ತದೆ. ಕೃಷಿಯ ಎಂ.ಎಸ್ಸಿ. ವಿದ್ಯಾರ್ಥಿಗೂ ಶಿಕ್ಷಣಶಾಸ್ತ್ರದ ಪಿಎಚ್.ಡಿ. ಅಭ್ಯರ್ಥಿಗೂ ಎಂ.ಡಿ. ಪ್ರಬಂಧ ಬರೆಯುವ ವೈದ್ಯರಿಗೂ ಇದೇ ಪ್ರಶ್ನೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಟೆಸ್ಟಿನ ಹೆಸರು ಕೊನೆಗೆ ಬರುವ ಸಂಗತಿ. ಅದಕ್ಕೂ ಮೊದಲು ತೀರ್ಮಾನವಾಗಬೇಕಾದ್ದು ಮೂರು: ನಿಮ್ಮ ಲೆಕ್ಕದಲ್ಲಿ ‘ಒಂದು’ ಎಂದರೆ ಯಾವುದು, ಆ ಒಂದೊಂದೂ ನಿಮ್ಮ ಕೈಗೆ ಹೇಗೆ ಬಂತು, ಯಾವುದನ್ನು ಯಾವುದರ ಜೊತೆ ಹೋಲಿಸುತ್ತೀರಿ. ವಿಷಯ ಯಾವುದೇ ಇರಲಿ, ದಾರಿ ತಪ್ಪಿದ ವಿಶ್ಲೇಷಣೆಗಳಲ್ಲಿ ಬಹುಪಾಲು ಮೊದಲ ಪ್ರಶ್ನೆಯಲ್ಲೇ ಎಡವಿರುತ್ತವೆ. ಹಾಗಾಗಿ ಇಲ್ಲಿ ಅದಕ್ಕೇ ಹೆಚ್ಚು ಜಾಗ.

‘ಒಂದು’ ಎಣಿಸುವುದು

ರಾಗಿಯ ಪ್ರಯೋಗವೊಂದನ್ನು ತೆಗೆದುಕೊಳ್ಳಿ. ಸಾರಜನಕದ ಆರು ಪ್ರಮಾಣ, ನಾಲ್ಕು ಬ್ಲಾಕ್ (ಹೊಲದ ಭಾಗಗಳು; ಪ್ರತಿಯೊಂದರಲ್ಲೂ ಆರೂ ಪ್ರಮಾಣ ಒಮ್ಮೊಮ್ಮೆ), ಒಟ್ಟು 24 ತಾಕು. ಪ್ರತಿ ತಾಕಿನಲ್ಲಿ ಹತ್ತು ಗಿಡ ಗುರುತಿಸಿ ಎತ್ತರ ಅಳೆದಿದ್ದೀರಿ. ಎಕ್ಸೆಲ್ ಹಾಳೆಯಲ್ಲಿ ಈಗ 240 ಸಾಲು. ಇದನ್ನು ಹಾಗೇ ಅನೋವಾಕ್ಕೆ (ಹಲವು ಗುಂಪುಗಳ ಸರಾಸರಿ ಹೋಲಿಸುವ ಲೆಕ್ಕ) ಕೊಟ್ಟರೆ ಎರರ್ ಸಾಲಿನ, ಅಂದರೆ ಆಕಸ್ಮಿಕ ಏರಿಳಿತದ ಸಾಲಿನ, ಡಿಗ್ರೀಸ್ ಆಫ್ ಫ್ರೀಡಂ (ಆ ಏರಿಳಿತ ಅಂದಾಜಿಸಲು ಸಿಗುವ ಸ್ವತಂತ್ರ ಮಾಹಿತಿಯ ಎಣಿಕೆ) 231 ಎಂದು ಬರುತ್ತದೆ. ಬರಬೇಕಾದ್ದು 15, ಅಂದರೆ (6–1)×(4–1). ಗೊಬ್ಬರ ಹಾಕಿದ್ದು ತಾಕಿಗೆ, ಗಿಡಕ್ಕಲ್ಲ. ಒಂದೇ ತಾಕಿನ ಹತ್ತು ಗಿಡಗಳು ಒಂದೇ ಮಣ್ಣು, ಒಂದೇ ನೀರು ಹಂಚಿಕೊಂಡಿವೆ; ಅವು ಹತ್ತು ಬೇರೆ ಬೇರೆ ಸಾಕ್ಷಿಗಳಲ್ಲ, ಒಂದೇ ಸಾಕ್ಷಿಯ ಹತ್ತು ಮಾತು. ಮಾಡಬೇಕಾದ್ದು ಸುಲಭ: ಮೊದಲು ಹತ್ತು ಗಿಡಗಳ ಸರಾಸರಿ ತೆಗೆದು ತಾಕಿಗೊಂದು ಸಂಖ್ಯೆ ಮಾಡಿಕೊಳ್ಳಿ, ಆಮೇಲೆ 24 ಸಂಖ್ಯೆಗಳ ಮೇಲೆ ಅನೋವಾ ನಡೆಸಿ.

ಪ್ರಯೋಗಾಲಯದಲ್ಲೂ ಇದೇ ತಪ್ಪು ಬೇರೆ ವೇಷದಲ್ಲಿ ಬರುತ್ತದೆ. ಒಂದೇ ಪಂಜರದ ಐದು ಇಲಿಗಳಿಗೆ ಒಂದೇ ಆಹಾರ ಕೊಟ್ಟಿದ್ದರೆ ‘ಒಂದು’ ಎಂದರೆ ಪಂಜರ. ಒಂದು ಟ್ಯೂಬಿನ ದ್ರಾವಣವನ್ನು ಮೂರು ಸಲ ಅಳೆದರೆ ಉಪಕರಣ ಎಷ್ಟು ಸ್ಥಿರ ಎಂದು ತಿಳಿಯುತ್ತದೆಯೇ ಹೊರತು ಎನ್ (ಸ್ವತಂತ್ರ ಘಟಕಗಳ ಸಂಖ್ಯೆ) ಮೂರಾಗುವುದಿಲ್ಲ. ಪರಿಸರ ವಿಜ್ಞಾನದಲ್ಲಿ ಈ ತಪ್ಪಿಗೆ 1984ರಲ್ಲಿ ಹರ್ಲ್‌ಬರ್ಟ್ ‘ಸ್ಯೂಡೋರೆಪ್ಲಿಕೇಷನ್’ ಎಂದು ಹೆಸರಿಟ್ಟರು. ನಕಲಿ ಪುನರಾವರ್ತನೆ ಎನ್ನಬಹುದು.

ಶಾಲೆಗೆ ಬನ್ನಿ. ಹೊಸ ಬೋಧನಾ ವಿಧಾನವನ್ನು ಒಂದು ಶಾಲೆಯಲ್ಲಿ, ಹಳೆಯದನ್ನು ಇನ್ನೊಂದರಲ್ಲಿ ನಡೆಸಿ, ತಲಾ 60 ಮಕ್ಕಳ ಅಂಕಗಳಿಗೆ ಟಿ-ಟೆಸ್ಟ್ (ಎರಡು ಸರಾಸರಿಗಳನ್ನು ಹೋಲಿಸುವ ಲೆಕ್ಕ) ಹಾಕುವ ಪ್ರಬಂಧಗಳು ಲೆಕ್ಕವಿಲ್ಲದಷ್ಟಿವೆ. ಅಲ್ಲಿ ನಿಜವಾಗಿ ಹೋಲಿಕೆಯಾಗುತ್ತಿರುವುದು ಒಂದು ಶಾಲೆ ಮತ್ತು ಇನ್ನೊಂದು ಶಾಲೆ. ಮೇಷ್ಟ್ರು ಬೇರೆ, ಊರು ಬೇರೆ, ವಿಧಾನವೂ ಬೇರೆ. ಅಂಕ ಏರಿದ್ದು ಯಾವುದರಿಂದ ಎಂದು ಯಾವ ಟೆಸ್ಟೂ ಬಿಡಿಸಿ ಹೇಳಲಾರದು. ಹಲವು ತರಗತಿಗಳಿದ್ದರೆ ಲೆಕ್ಕಕ್ಕೆ ದಾರಿ ಇದೆ. ಒಂದೇ ತರಗತಿಯ ಮಕ್ಕಳ ಅಂಕಗಳು ಪರಸ್ಪರ ಎಷ್ಟು ಹೋಲುತ್ತವೆ ಎಂಬುದನ್ನು ಇಂಟ್ರಾಕ್ಲಾಸ್ ಸಹಸಂಬಂಧ ಹೇಳುತ್ತದೆ. ಅದು 0.1 ಇದ್ದು ತರಗತಿಗೆ 30 ಮಕ್ಕಳಿದ್ದರೆ ಡಿಸೈನ್ ಎಫೆಕ್ಟ್ (ಗುಂಪುಗುಂಪಾಗಿ ತೆಗೆದುಕೊಂಡಿದ್ದರಿಂದ ಎಷ್ಟು ಪಟ್ಟು ಜನ ಬೇಕು ಎಂಬ ಸಂಖ್ಯೆ) 1 + 29×0.1 = 3.9. ಇಪ್ಪತ್ತು ತರಗತಿಗಳ 600 ಮಕ್ಕಳು, ಲೆಕ್ಕದ ಕಣ್ಣಲ್ಲಿ 600÷3.9, ಅಂದರೆ ಸುಮಾರು 154 ಸ್ವತಂತ್ರ ಮಕ್ಕಳಿಗೆ ಸಮ. ಇಂಥ ದತ್ತಾಂಶಕ್ಕೆ ತರಗತಿಯನ್ನು ರ‍್ಯಾಂಡಮ್ ಎಫೆಕ್ಟ್ ಆಗಿ ಸೇರಿಸಿದ ಮಿಕ್ಸೆಡ್ ಮಾಡೆಲ್ ಬಳಸಿ; ತರಗತಿ ತರಗತಿಗಳ ನಡುವಣ ಏರಿಳಿತವನ್ನೂ ಲೆಕ್ಕಕ್ಕೆ ಹಿಡಿಯುವ ವಿಧಾನ ಅದು. ಅದು ಕಷ್ಟವೆನಿಸಿದರೆ ತರಗತಿಯ ಸರಾಸರಿಗಳನ್ನೇ ಹೋಲಿಸಿ. ಎನ್ ಚಿಕ್ಕದಾಗುತ್ತದೆ, ಆದರೆ ಉತ್ತರ ಪ್ರಾಮಾಣಿಕವಾಗಿರುತ್ತದೆ.

ಒಂದು ಸರಳ ಪರೀಕ್ಷೆ ನೆನಪಿಟ್ಟುಕೊಳ್ಳಿ: ಯಾವ ಹಂತದಲ್ಲಿ ಚೀಟಿ ಎತ್ತಿ ‘ಇದಕ್ಕೆ ಹೊಸದು, ಅದಕ್ಕೆ ಹಳೆಯದು’ ಎಂದು ಹಂಚಿದಿರೋ ಆ ಹಂತವೇ ನಿಮ್ಮ ‘ಒಂದು’.

ಎಷ್ಟು ಬೇಕು?

ಸಮಾಜ ವಿಜ್ಞಾನದ ಸಿನಾಪ್ಸಿಸ್‌ಗಳಲ್ಲಿ ಸ್ಯಾಂಪಲ್ ಗಾತ್ರವಾಗಿ 384 ಎಂಬ ಸಂಖ್ಯೆ ಮಂತ್ರದಂತೆ ಬರುತ್ತದೆ. ಅದರ ಮೂಲ ಹೀಗಿದೆ: 1.96²×0.5×0.5÷0.05² = 384.16. ಪೂರ್ಣಾಂಕಕ್ಕೆ ಏರಿಸಿದರೆ 385. ಇದು ಹೇಳುವುದು ಇಷ್ಟೇ: ದೊಡ್ಡ ಜನಸಮೂಹದಿಂದ ಸರಳ ಯಾದೃಚ್ಛಿಕವಾಗಿ (ಎಲ್ಲರಿಗೂ ಸಮಾನ ಅವಕಾಶವಿರುವಂತೆ ಚೀಟಿ ಎತ್ತಿ) ಆರಿಸಿದರೆ, ಒಂದು ಶೇಕಡಾವಾರನ್ನು 95% ವಿಶ್ವಾಸದಲ್ಲಿ ±5 ಅಂಶಗಳೊಳಗೆ ಅಂದಾಜಿಸಲು ಇಷ್ಟು ಜನ ಸಾಕು. ಗುಂಪುಗಳ ಹೋಲಿಕೆಗೂ ಒಂದು ಚರದಿಂದ ಇನ್ನೊಂದನ್ನು ಅಂದಾಜಿಸುವ ರಿಗ್ರೆಷನ್‌ಗೂ ಇದು ಉತ್ತರವಲ್ಲ. ಒಟ್ಟು ಜನ 800 ಮಾತ್ರ ಇದ್ದರೆ 384.16÷(1 + 383.16÷800), ಅಂದರೆ 260 ಸಾಕು. ಐವರಲ್ಲಿ ಒಬ್ಬರು ಉತ್ತರಿಸುವುದಿಲ್ಲ ಎಂದಾದರೆ 385ನ್ನು 0.8ರಿಂದ ಭಾಗಿಸಿ 482 ಜನರ ಬಳಿ ಹೋಗಬೇಕು. ಹಳ್ಳಿ ಆರಿಸಿ, ಹಳ್ಳಿಯೊಳಗೆ ಮನೆ ಆರಿಸುವುದಾದರೆ ಮೇಲೆ ಹೇಳಿದ ಡಿಸೈನ್ ಎಫೆಕ್ಟಿನಿಂದ ಗುಣಿಸಬೇಕು. ಈ ಕೊನೆಯದನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ.

ಎರಡು ಗುಂಪುಗಳ ಸರಾಸರಿ ಹೋಲಿಸುವಾಗ ಬೇರೆ ಲೆಕ್ಕ. ನಿಮಗೆ ಮುಖ್ಯವೆನಿಸುವ ಕನಿಷ್ಠ ವ್ಯತ್ಯಾಸವನ್ನು ಮಾನಕ ವಿಚಲನೆಯಿಂದ (ಅಳತೆಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬ ಸಂಖ್ಯೆ) ಭಾಗಿಸಿ. ಬಂದ ಸಂಖ್ಯೆಯ ವರ್ಗದಿಂದ 16ನ್ನು ಭಾಗಿಸಿ. ಅಂಕಗಳ ಮಾನಕ ವಿಚಲನೆ 12, ಆರು ಅಂಕದ ವ್ಯತ್ಯಾಸ ಮುಖ್ಯ ಎಂದಾದರೆ ಭಾಗಲಬ್ಧ 0.5, ಅದರ ವರ್ಗ 0.25, ಹಾಗಾಗಿ ಗುಂಪಿಗೆ 64 ಜನ. ಇದು 5% ಮಟ್ಟದಲ್ಲಿ, ನಿಜವಾಗಿ ವ್ಯತ್ಯಾಸ ಇದ್ದಾಗ ಅದನ್ನು ಹಿಡಿಯುವ ಸಾಧ್ಯತೆ 80% ಇರಲಿ ಎಂಬ ಲೆಕ್ಕ. ವ್ಯತ್ಯಾಸ ಅರ್ಧವಾದರೆ ಬೇಕಾದ ಜನ ನಾಲ್ಕು ಪಟ್ಟು. ಎರಡು ಚರಗಳ ನಡುವಣ ಸಹಸಂಬಂಧ 0.3 ಇದ್ದರೆ ಅದನ್ನು ಹಿಡಿಯಲು ಸುಮಾರು 85 ಜೋಡಿ ಬೇಕು. ನಿಖರ ಲೆಕ್ಕಕ್ಕೆ ಜಿ*ಪವರ್ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಮಾನಕ ವಿಚಲನೆಯನ್ನು ಹಿಂದಿನ ಅಧ್ಯಯನಗಳಿಂದ ತೆಗೆದುಕೊಳ್ಳಿ. ಹತ್ತಿಪ್ಪತ್ತು ಜನರ ಪೈಲಟ್ ಅಧ್ಯಯನದಿಂದ ಸಿಗುವ ಅಂದಾಜು ಬಹಳ ಓಲಾಡುತ್ತದೆ, ಅದನ್ನೇ ನಂಬಿ ಕೂರಬೇಡಿ.

ದತ್ತಾಂಶ ಕಡಿಮೆಯಾದಾಗ ‘ಇನ್ನೂ ಸುಧಾರಿತ ವಿಧಾನ ಬಳಸಿದರೆ ಆದೀತೇ’ ಎಂಬ ಆಸೆ ಹುಟ್ಟುತ್ತದೆ. ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ 1945ರಲ್ಲೇ ಇದಕ್ಕೆ ಗಣಿತದ ಉತ್ತರ ಕೊಟ್ಟಿದ್ದಾರೆ. ಪಕ್ಷಪಾತವಿಲ್ಲದ ಅಂದಾಜು ಎಷ್ಟೇ ಜಾಣತನದ್ದಾಗಿರಲಿ, ಅದರ ಏರಿಳಿತ ಒಂದು ಮಿತಿಗಿಂತ ಕೆಳಗೆ ಇಳಿಯಲಾರದು. ಆ ಮಿತಿಯನ್ನು ನಿರ್ಧರಿಸುವುದು ದತ್ತಾಂಶದಲ್ಲಿರುವ ಮಾಹಿತಿ. ಕ್ರೇಮರ್–ರಾವ್ ಮಿತಿ ಎಂದು ಜಗತ್ತು ಕರೆಯುವುದು ಇದನ್ನೇ. ಹೊಲದಲ್ಲಿ ಸಿಗದ ಮಾಹಿತಿ ಸಾಫ್ಟ್‌ವೇರಿನಲ್ಲಿ ಸಿಗುವುದಿಲ್ಲ.

ಹಾಳೆ ತುಂಬುವಾಗ

ಒಂದು ಸಾಲಿಗೆ ಒಂದು ಘಟಕ, ಒಂದು ಕಾಲಂಗೆ ಒಂದು ಚರ. ಮೇಲ್ಸಾಲಿನಲ್ಲಿ ಚಿಕ್ಕ ಹೆಸರು, ಅದರ ವಿವರ ಬೇರೆ ಹಾಳೆಯ ಕೋಡ್‌ಬುಕ್‌ನಲ್ಲಿ. ಬಣ್ಣ ಹಚ್ಚಿ ಅರ್ಥ ಸೂಚಿಸಬೇಡಿ, ಬಣ್ಣ ಬೇರೆ ಸಾಫ್ಟ್‌ವೇರಿಗೆ ದಾಟುವುದಿಲ್ಲ. ಉತ್ತರ ಸಿಗದ ಕಡೆ ಖಾಲಿ ಬಿಡಿ. ಸೊನ್ನೆ ಹಾಕಿದರೆ ಅದು ಸೊನ್ನೆಯೇ ಆಗುತ್ತದೆ, 999 ಹಾಕಿ ಮರೆತರೆ ಸರಾಸರಿ ವಯಸ್ಸು ನೂರು ದಾಟಲೂಬಹುದು. ‘ಹೌದು’ ಮತ್ತು ಕೊನೆಯಲ್ಲೊಂದು ಸ್ಪೇಸ್ ಬಿದ್ದ ‘ಹೌದು ’ ಎರಡು ಬೇರೆ ಉತ್ತರಗಳಾಗಿ ಎಣಿಕೆಯಾಗುತ್ತವೆ. ೪೫ ಎಂದು ಕನ್ನಡ ಅಂಕಿಯಲ್ಲಿ ತುಂಬಿದರೆ ಹೆಚ್ಚಿನ ಸಾಫ್ಟ್‌ವೇರ್ ಅದನ್ನು ಸಂಖ್ಯೆ ಎಂದು ಒಪ್ಪದೆ ಪಠ್ಯ ಎಂದುಕೊಳ್ಳುತ್ತದೆ. ದಿನಾಂಕವನ್ನು 2024-03-07 ಎಂಬ ಕ್ರಮದಲ್ಲೇ ಬರೆಯಿರಿ. 7/3 ಎಂಬುದು ಒಂದು ಕಂಪ್ಯೂಟರಿನಲ್ಲಿ ಮಾರ್ಚ್, ಇನ್ನೊಂದರಲ್ಲಿ ಜುಲೈ.

ಎಕ್ಸೆಲ್ ತಾನಾಗಿಯೇ ತಿದ್ದುವ ಚಾಳಿ ಎಷ್ಟು ಹಾನಿ ಮಾಡಿದೆ ಎಂಬುದಕ್ಕೆ ತಳಿವಿಜ್ಞಾನವೇ ಸಾಕ್ಷಿ. ‘ಮಾರ್ಚ್1’, ‘ಸೆಪ್ಟ್2’ ಎಂಬಂಥ ಜೀನ್ ಹೆಸರುಗಳನ್ನು ಅದು ದಿನಾಂಕವಾಗಿ ಬದಲಿಸುತ್ತಿದ್ದರಿಂದ, 2020ರ ಹೊತ್ತಿಗೆ ಮಾನವ ಜೀನ್‌ಗಳ ನಾಮಕರಣ ಸಮಿತಿ ಜೀನ್‌ಗಳ ಹೆಸರನ್ನೇ ಬದಲಿಸಬೇಕಾಯಿತು. ಮೂಲ ಕಡತವನ್ನು ಒಮ್ಮೆ ಉಳಿಸಿದ ಮೇಲೆ ಮುಟ್ಟಬೇಡಿ. ತಿದ್ದುಪಡಿಯೆಲ್ಲ ಪ್ರತಿಯಲ್ಲಿ ನಡೆಯಲಿ, ಏನು ತಿದ್ದಿದಿರಿ ಎಂಬುದು ಬರಹದಲ್ಲಿರಲಿ.

ಟೆಸ್ಟಿಗೆ ಮೊದಲು ಚಿತ್ರ

1973ರಲ್ಲಿ ಸಂಖ್ಯಾಶಾಸ್ತ್ರಜ್ಞ ಆನ್ಸ್‌ಕೂಂಬ್ ನಾಲ್ಕು ಪುಟ್ಟ ದತ್ತಾಂಶಗಳನ್ನು ಮುಂದಿಟ್ಟರು. ನಾಲ್ಕರಲ್ಲೂ 11 ಬಿಂದು, ಎಕ್ಸ್ ಸರಾಸರಿ 9, ವೈ ಸರಾಸರಿ 7.5, ಸಹಸಂಬಂಧ 0.816. ಚಿತ್ರ ಬರೆದರೆ ಒಂದು ಸಾಧಾರಣ ಚದುರಿದ ರೇಖೆ, ಒಂದು ಕಮಾನು, ಒಂದರಲ್ಲಿ ಒಂದೇ ಬಿಂದು ರೇಖೆಯನ್ನು ಎಳೆದಾಡುತ್ತದೆ, ಇನ್ನೊಂದರಲ್ಲಿ ಒಂದು ಬಿಂದು ಬಿಟ್ಟರೆ ಸಂಬಂಧವೇ ಇಲ್ಲ. ಆದ್ದರಿಂದ ಪ್ರತಿ ಚರಕ್ಕೂ ಹಿಸ್ಟೋಗ್ರಾಂ, ಪ್ರತಿ ಹೋಲಿಕೆಗೂ ಬಿಡಿ ಬಿಂದುಗಳು ಕಾಣುವ ಚಿತ್ರ. ಸ್ತಂಭಚಿತ್ರ ಸಾಲದು, ಅದು ಚದುರುವಿಕೆಯನ್ನು ಮುಚ್ಚಿಡುತ್ತದೆ.

ಟೆಸ್ಟ್ ಆರಿಸುವುದು ಈಗ ಸುಲಭ. ಫಲಿತಾಂಶ ಅಳತೆಯೋ (ಎತ್ತರ, ಇಳುವರಿ), ವರ್ಗವೋ (ಪಾಸು, ಫೇಲು), ಎಣಿಕೆಯೋ (ಕೀಟಗಳ ಸಂಖ್ಯೆ), ಸಮಯವೋ (ಎಷ್ಟು ದಿನ ಬದುಕಿದರು) ಎಂದು ನೋಡಿ. ಜೋಡಿ ಇದೆಯೇ ಎಂದು ನೋಡಿ: ಅದೇ ವ್ಯಕ್ತಿಯ ಮೊದಲ ಮತ್ತು ನಂತರದ ಅಳತೆಯಾದರೆ ಪೇರ್ಡ್ ಟೆಸ್ಟ್. ಎರಡು ಸ್ವತಂತ್ರ ಗುಂಪುಗಳ ಸರಾಸರಿಗೆ ವೆಲ್ಚ್ ಟಿ-ಟೆಸ್ಟನ್ನೇ ರೂಢಿ ಮಾಡಿಕೊಳ್ಳಿ, ಗುಂಪುಗಳ ಚದುರುವಿಕೆ ಸಮ ಇರಬೇಕೆಂಬ ಹಂಗು ಅದಕ್ಕಿಲ್ಲ. ಆರ್ ಸಾಫ್ಟ್‌ವೇರ್ ಬೇರೇನೂ ಹೇಳದಿದ್ದರೆ ಅದನ್ನೇ ಬಳಸುತ್ತದೆ. ಮೂರು ಅಥವಾ ಹೆಚ್ಚು ಗುಂಪಿಗೆ ಅನೋವಾ. ವರ್ಗ–ವರ್ಗಕ್ಕೆ ಚಿ-ಸ್ಕ್ವೇರ್, ಎರಡು ಸಾಲು, ಎರಡು ಕಾಲಮಿನ ಕೋಷ್ಟಕದಲ್ಲಿ ನಿರೀಕ್ಷಿತ ಎಣಿಕೆ ಯಾವುದಾದರೂ ಮನೆಯಲ್ಲಿ 5ಕ್ಕಿಂತ ಕೆಳಗಿಳಿದರೆ ಫಿಶರ್ ಎಕ್ಸಾಕ್ಟ್. ಚಿ-ಸ್ಕ್ವೇರಿಗೆ ಎಣಿಕೆ ಕೊಡಬೇಕು, ಶೇಕಡಾವಾರು ಕೊಟ್ಟರೆ ಉತ್ತರ ಪೂರ್ತಿ ತಪ್ಪು. ಹೌದು–ಇಲ್ಲ ಫಲಿತಾಂಶಕ್ಕೆ ಹಲವು ಕಾರಣಗಳಿದ್ದರೆ ಲಾಜಿಸ್ಟಿಕ್ ರಿಗ್ರೆಷನ್. ಅಲ್ಲಿ ಒಟ್ಟು ಸಾಲುಗಳಿಗಿಂತ ಅಪರೂಪದ ಫಲಿತಾಂಶದ ಎಣಿಕೆ ಮುಖ್ಯ. 500 ಜನರಲ್ಲಿ 40 ಜನರಿಗೆ ಮಾತ್ರ ಕಾಯಿಲೆ ಬಂದಿದ್ದರೆ, ಚರವೊಂದಕ್ಕೆ ಹತ್ತು ಘಟನೆ ಎಂಬ ಒರಟು ನಿಯಮದಂತೆ ನಾಲ್ಕಕ್ಕಿಂತ ಹೆಚ್ಚು ಚರ ಬೇಡ.

‘ನಾರ್ಮಲ್’ ಹಂಚಿಕೆ (ಗಂಟೆಯಾಕಾರದ ಹಂಚಿಕೆ) ಬೇಕು ಎಂಬ ಮಾತು ಬಹಳ ಗೊಂದಲ ಹುಟ್ಟಿಸಿದೆ. ಟಿ-ಟೆಸ್ಟ್, ಅನೋವಾ, ರಿಗ್ರೆಷನ್ ಕೇಳುವುದು ಮೂಲ ದತ್ತಾಂಶವಲ್ಲ, ಉಳಿಕೆಗಳು, ಅಂದರೆ ಲೆಕ್ಕ ಅಂದಾಜಿಸಿದ್ದಕ್ಕೂ ನಿಜವಾದ ಅಳತೆಗೂ ಇರುವ ಅಂತರಗಳಾದ ರೆಸಿಡ್ಯುಯಲ್‌ಗಳು, ನಾರ್ಮಲ್‌ಗೆ ಹತ್ತಿರವಿರಬೇಕು ಎಂದು. ಇದನ್ನು ನೋಡಲು ಬಳಸುವ ಶಪಿರೋ–ವಿಲ್ಕ್ ಪರೀಕ್ಷೆ ದೊಡ್ಡ ಸ್ಯಾಂಪಲ್‌ನಲ್ಲಿ ಗಣನೆಗೆ ಬಾರದ ಬಾಗುವಿಕೆಗೂ ಕೂಗುತ್ತದೆ. ಎಂಟು ಹತ್ತು ಬಿಂದುಗಳಲ್ಲಿ ದೊಡ್ಡ ದೋಷವನ್ನೂ ಗಮನಿಸುವುದಿಲ್ಲ. ಉಳಿಕೆಗಳ ಕ್ಯೂ-ಕ್ಯೂ ಚಿತ್ರ (ಹಂಚಿಕೆ ನಾರ್ಮಲ್ ಆಗಿದ್ದರೆ ಬಿಂದುಗಳು ನೇರ ರೇಖೆಯಲ್ಲಿ ಕೂರುವ ಚಿತ್ರ) ನೋಡುವುದೇ ಮೇಲು. ಬಲಕ್ಕೆ ಬಾಲ ಉದ್ದವಿರುವ ಆದಾಯ, ಬ್ಯಾಕ್ಟೀರಿಯಾ ಎಣಿಕೆಯಂಥವಕ್ಕೆ ಲಾಗ್ ತೆಗೆದರೆ ಹೆಚ್ಚಿನ ಸಲ ಸರಿಹೋಗುತ್ತದೆ.

ಪಿ-ಮೌಲ್ಯ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಗುಂಪುಗಳ ನಡುವೆ ನಿಜವಾಗಿ ವ್ಯತ್ಯಾಸವಿಲ್ಲ, ಲೆಕ್ಕದ ಉಳಿದ ಊಹೆಗಳೂ ಸರಿ ಎಂದಿಟ್ಟುಕೊಂಡರೆ, ನಮಗೆ ಸಿಕ್ಕಷ್ಟು ಅಥವಾ ಅದಕ್ಕೂ ದೊಡ್ಡ ವ್ಯತ್ಯಾಸ ಕಾಣಲು ಇರುವ ಸಾಧ್ಯತೆಯೇ ಪಿ. ‘ಊಹೆ ಸುಳ್ಳಾಗಿರುವ ಸಾಧ್ಯತೆ 97%’ ಎಂದು 0.03ನ್ನು ಓದುವುದು ತಪ್ಪು. 0.05 ಎಂಬ ಗೆರೆ ಪ್ರಕೃತಿಯ ನಿಯಮವೂ ಅಲ್ಲ. ಸಂಖ್ಯಾಶಾಸ್ತ್ರಜ್ಞ ಫಿಶರ್ ಅನುಕೂಲಕ್ಕೆಂದು ರೂಢಿಗೆ ತಂದದ್ದು. ಕಣ ಭೌತಶಾಸ್ತ್ರದವರು ಐದು ಸಿಗ್ಮಾ ಕೇಳುತ್ತಾರೆ, ಅಂದರೆ ಸುಮಾರು 35 ಲಕ್ಷದಲ್ಲಿ ಒಂದು. 2012ರ ಜುಲೈ 4ರಂದು ಹಿಗ್ಸ್ ಕಣದ ಘೋಷಣೆಯಾದದ್ದು ಆ ಗೆರೆ ಮುಟ್ಟಿದ ಮೇಲೆ.

ರಾಗಿ ಪ್ರಯೋಗಕ್ಕೇ ಮರಳೋಣ, ಉದಾಹರಣೆಗೆಂದು ಅಂಕಿ ಇಟ್ಟುಕೊಂಡು. ಒಟ್ಟಾರೆ ಸರಾಸರಿ ಹೆಕ್ಟೇರಿಗೆ 30 ಕ್ವಿಂಟಲ್, ಎರರ್ ಮೀನ್ ಸ್ಕ್ವೇರ್ (ತಾಕುಗಳ ಆಕಸ್ಮಿಕ ಏರಿಳಿತದ ಅಳತೆ) 9. ಸಿ.ವಿ., ಅಂದರೆ ಏರಿಳಿತ ಸರಾಸರಿಯ ಶೇಕಡಾ ಎಷ್ಟು ಎಂಬುದು: 9ರ ವರ್ಗಮೂಲ 3, ಅದು 30ರ 10%. ಒಂದು ಸರಾಸರಿಯ ಮಾನಕ ದೋಷ (ಆ ಅಂದಾಜು ಎಷ್ಟು ಓಲಾಡುತ್ತದೆ ಎಂಬುದು) 9÷4ರ ವರ್ಗಮೂಲ, 1.5. ಎರಡು ಸರಾಸರಿಗಳ ವ್ಯತ್ಯಾಸದ ಮಾನಕ ದೋಷ 2×9÷4ರ ವರ್ಗಮೂಲ, 2.12. 15 ಡಿಗ್ರೀಸ್ ಆಫ್ ಫ್ರೀಡಂಗೆ 5% ಟಿ-ಮೌಲ್ಯ 2.131. ಗುಣಿಸಿದರೆ ಸಿ.ಡಿ. (ಕ್ರಿಟಿಕಲ್ ಡಿಫರೆನ್ಸ್, ಎರಡು ಸರಾಸರಿಗಳು ಬೇರೆ ಎನ್ನಲು ಬೇಕಾದ ಕನಿಷ್ಠ ವ್ಯತ್ಯಾಸ) 4.52 ಕ್ವಿಂಟಲ್. ಈಗ ಎರಡು ಉಪಚಾರಗಳ (ಇಲ್ಲಿ ಎರಡು ಗೊಬ್ಬರ ಪ್ರಮಾಣಗಳ) ನಡುವೆ 3 ಕ್ವಿಂಟಲ್ ವ್ಯತ್ಯಾಸ ಕಂಡಿತು ಎನ್ನೋಣ. 4.52ಕ್ಕಿಂತ ಕಡಿಮೆ, ಹಾಗಾಗಿ ‘ಎರಡೂ ಸಮ’ ಎಂದು ಬರೆಯುವುದು ರೂಢಿ. ಅದು ಸರಿಯಲ್ಲ. 3 ± 4.52 ಎಂದರೆ –1.5ರಿಂದ 7.5ರವರೆಗೆ. ಹೆಚ್ಚು ಇಳುವರಿ ತೋರಿದ ಉಪಚಾರ ಒಂದೂವರೆ ಕ್ವಿಂಟಲ್ ನಷ್ಟವನ್ನೂ ತರಬಹುದು, ಏಳೂವರೆ ಕ್ವಿಂಟಲ್ ಲಾಭವನ್ನೂ ತರಬಹುದು; ಈ ಪ್ರಯೋಗ ಅಷ್ಟರಲ್ಲಿ ಯಾವುದನ್ನೂ ಅಲ್ಲಗಳೆಯಲಾರದು. ರೈತನಿಗೆ ಏಳು ಕ್ವಿಂಟಲ್ ಸಣ್ಣ ಮಾತಲ್ಲ.

ಇದೇ ಪ್ರಯೋಗದಲ್ಲಿ ಇನ್ನೆರಡು ಎಚ್ಚರ. ಇಲ್ಲಿಯಂತೆ ಉಪಚಾರಗಳು 0, 20, 40, 60 ಕಿಲೋ ಎಂಬಂಥ ಪ್ರಮಾಣಗಳಾಗಿದ್ದರೆ ಜೋಡಿ ಜೋಡಿಯಾಗಿ ಸಿ.ಡಿ. ಹಿಡಿದು ಹೋಲಿಸುವುದಕ್ಕಿಂತ ಇಳುವರಿಯ ವಕ್ರರೇಖೆ ಕೂರಿಸುವುದು ಒಳ್ಳೆಯದು. ರೈತ ಕೇಳುವುದು ‘ಎಷ್ಟು ಹಾಕಲಿ’ ಎಂದೇ. ಇನ್ನು ಬ್ಲಾಕುಗಳನ್ನು ಇಳಿಜಾರಿಗೆ ಅಡ್ಡಲಾಗಿ ಹಾಕಬೇಕು, ಒಂದು ಬ್ಲಾಕಿನೊಳಗಿನ ತಾಕುಗಳೆಲ್ಲ ಒಂದೇ ಮಟ್ಟದಲ್ಲಿರುವಂತೆ. ಇಳಿಜಾರಿನ ಉದ್ದಕ್ಕೂ ಬ್ಲಾಕ್ ಎಳೆದರೆ ಮೇಲಿನ ತಾಕು ಒಣಗಿ ಕೆಳಗಿನದು ತೇವವಾಗಿ, ಆ ವ್ಯತ್ಯಾಸವೆಲ್ಲ ಎರರ್ ಸಾಲಿಗೆ ಸೇರಿ ಸಿ.ಡಿ. ಉಬ್ಬುತ್ತದೆ. ಲೆಕ್ಕದಲ್ಲಿ ಇದನ್ನು ಆಮೇಲೆ ಸರಿಪಡಿಸಲಾಗದು.

ಹಲವು ಟೆಸ್ಟ್ ಹಾಕಿದಷ್ಟೂ ಸುಳ್ಳು ಸಿಗುವ ಸಾಧ್ಯತೆ ಏರುತ್ತದೆ. ಏನೂ ಇಲ್ಲದ ಕಡೆ 20 ಸ್ವತಂತ್ರ ಟೆಸ್ಟ್ ನಡೆಸಿದರೆ ಒಂದಾದರೂ 0.05ರ ಕೆಳಗೆ ಬರುವ ಸಾಧ್ಯತೆ 1 – 0.95²⁰, ಸುಮಾರು 64%. ಇದನ್ನು ಸರಿದೂಗಿಸಲು, ಕೆಲವೇ ಹೋಲಿಕೆಗಳಿದ್ದರೆ ಹೋಮ್ ವಿಧಾನ, ಸಾವಿರಾರು ಜೀನ್‌ಗಳಿದ್ದರೆ ಬೆಂಜಮಿನಿ–ಹಾಕ್‌ಬರ್ಗ್ ತಿದ್ದುಪಡಿ. ಎಲ್ಲಕ್ಕಿಂತ ಒಳ್ಳೆಯದು, ಮುಖ್ಯ ಫಲಿತಾಂಶ ಯಾವುದು ಎಂದು ಮೊದಲೇ ಬರೆದಿಡುವುದು. ಮನಃಶಾಸ್ತ್ರದ 100 ಅಧ್ಯಯನಗಳನ್ನು ಮತ್ತೆ ನಡೆಸಿ 2015ರಲ್ಲಿ ಪ್ರಕಟಿಸಿದ ದೊಡ್ಡ ಯೋಜನೆಯಲ್ಲಿ ಮೂಲ ಅಧ್ಯಯನಗಳ 97% ‘ಸಿಗ್ನಿಫಿಕಂಟ್’ ಆಗಿದ್ದವು, ಮರುಪ್ರಯೋಗಗಳಲ್ಲಿ 36% ಮಾತ್ರ. ಚಿಕ್ಕ ಸ್ಯಾಂಪಲ್, ಹಲವು ಟೆಸ್ಟ್, ಗೆದ್ದದ್ದನ್ನಷ್ಟೇ ಅಚ್ಚು ಮಾಡುವ ರೂಢಿ, ಈ ಮೂರೂ ಸೇರಿದರೆ ಹೀಗಾಗುವುದು ಸಹಜ.

ಆಸ್ಪತ್ರೆಯ ಅಧ್ಯಯನ

ರಕ್ತದೊತ್ತಡ ಹೆಚ್ಚಿರುವವರನ್ನೇ ಆರಿಸಿ, ಔಷಧಿ ಕೊಟ್ಟು, ಮೂರು ತಿಂಗಳ ಮೇಲೆ ಅಳೆದರೆ ಸರಾಸರಿ ಇಳಿದೇ ಇಳಿಯುತ್ತದೆ. ಔಷಧಿ ಕೊಡದಿದ್ದರೂ ಸ್ವಲ್ಪ ಇಳಿಯುತ್ತಿತ್ತು, ಏಕೆಂದರೆ ಅಂದು ಅಕಸ್ಮಾತ್ ಹೆಚ್ಚು ತೋರಿಸಿದವರೂ ಆ ಗುಂಪಿನಲ್ಲಿದ್ದಾರೆ. ಆದ್ದರಿಂದ ಹೋಲಿಕೆಯ ಗುಂಪು ಬೇಕೇ ಬೇಕು. ಎರಡು ಗುಂಪಿದ್ದೂ ಆಗುವ ತಪ್ಪು ಇನ್ನೊಂದಿದೆ: ಒಂದು ಗುಂಪಿನಲ್ಲಿ ಮೊದಲು–ನಂತರ ಪಿ 0.03, ಇನ್ನೊಂದರಲ್ಲಿ 0.08, ಹಾಗಾಗಿ ಮೊದಲನೆಯದೇ ಉತ್ತಮ ಎನ್ನುವುದು. ಗುಂಪುಗಳನ್ನು ನೇರವಾಗಿ ಹೋಲಿಸಬೇಕು. ಕೊನೆಯ ಅಳತೆಯನ್ನು ಫಲಿತಾಂಶವಾಗಿ, ಮೊದಲ ಅಳತೆಯನ್ನು ಸಹಚರವಾಗಿ (ಲೆಕ್ಕದಲ್ಲಿ ಸರಿದೂಗಿಸಬೇಕಾದ ಚರವಾಗಿ) ಇಟ್ಟ ಆಂಕೋವಾ ಇದಕ್ಕೆ ತಕ್ಕ ವಿಧಾನ.

ಆಡ್ಸ್ ರೇಶಿಯೋವನ್ನು (ಪ್ರತಿ ಗುಂಪಿನಲ್ಲಿ ಕಾಯಿಲೆ ಬಂದವರನ್ನು ಬಾರದವರಿಂದ ಭಾಗಿಸಿ, ಆ ಎರಡು ಸಂಖ್ಯೆಗಳ ಅನುಪಾತ) ‘ಇಷ್ಟು ಪಟ್ಟು ಅಪಾಯ’ ಎಂದು ಓದಬೇಡಿ. ಒಂದು ಗುಂಪಿನ 100ರಲ್ಲಿ 40 ಜನರಿಗೆ, ಇನ್ನೊಂದರ 100ರಲ್ಲಿ 20 ಜನರಿಗೆ ಸೋಂಕಾದರೆ ಅಪಾಯದ ಅನುಪಾತ 2. ಆಡ್ಸ್ ರೇಶಿಯೋ (40÷60)÷(20÷80), ಅಂದರೆ 2.67. ಕಾಯಿಲೆ ಅಪರೂಪವಾದಾಗ ಮಾತ್ರ ಎರಡೂ ಹತ್ತಿರ ಬರುತ್ತವೆ. ಓದುಗರಿಗೆ ಹೆಚ್ಚು ಉಪಯೋಗವಾಗುವುದು ನೇರ ವ್ಯತ್ಯಾಸ: 20 ಅಂಶ, 95% ವಿಶ್ವಾಸದ ವ್ಯಾಪ್ತಿ 7.6ರಿಂದ 32.4.

ಎರಡು ಉಪಕರಣಗಳು ಒಂದಕ್ಕೊಂದು ಒಪ್ಪುತ್ತವೆಯೇ ಎಂದು ನೋಡಲು ಸಹಸಂಬಂಧ ಸಾಲದು. ಒಂದು ಉಪಕರಣ ಸದಾ 10 ಹೆಚ್ಚು ತೋರಿಸಿದರೂ ಸಹಸಂಬಂಧ 0.98 ಇರಬಹುದು. ಬ್ಲಾಂಡ್–ಆಲ್ಟ್‌ಮನ್ ಚಿತ್ರ ಬರೆಯಿರಿ: ಅಡ್ಡಕ್ಕೆ ಎರಡರ ಸರಾಸರಿ, ಉದ್ದಕ್ಕೆ ವ್ಯತ್ಯಾಸ. ಚಿಕಿತ್ಸೆಯ ಪ್ರಯೋಗವಾದರೆ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನ ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಾಯಿಸಬೇಕು. ಬಿಟ್ಟುಹೋದ ರೋಗಿಗಳನ್ನೂ ಚೀಟಿ ಬಿದ್ದ ಗುಂಪಿನಲ್ಲೇ ಎಣಿಸಿ.

ಸಮೀಕ್ಷೆ, ಸರ್ಕಾರಿ ದತ್ತಾಂಶ, ಅರ್ಥಶಾಸ್ತ್ರ

ಒಪ್ಪಿಗೆಯನ್ನು 1ರಿಂದ 5ರವರೆಗೆ ಗುರುತಿಸುವ ಲೈಕರ್ಟ್ ಪ್ರಶ್ನಾವಳಿಯಲ್ಲಿ, ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ಹೇಳುವ ಕ್ರಾನ್‌ಬ್ಯಾಕ್ ಆಲ್ಫಾ 0.4 ಬಂದು ಗಾಬರಿಯಾದರೆ ಮೊದಲು ಉಲ್ಟಾ ಪ್ರಶ್ನೆಗಳನ್ನು ತಿರುಗಿಸಿದ್ದೀರಾ ನೋಡಿ. ‘ಗಣಿತ ನನಗೆ ಇಷ್ಟ’, ‘ಗಣಿತವೆಂದರೆ ಭಯ’ ಎರಡಕ್ಕೂ 5 ಅಂಕ ಒಂದೇ ಅರ್ಥ ಕೊಡುವುದಿಲ್ಲ. ಎರಡನೆಯದನ್ನು 6ರಿಂದ ಕಳೆಯಬೇಕು. ಆಲ್ಫಾ 0.95 ದಾಟಿದರೆ ಸಂತೋಷಪಡುವುದಕ್ಕಿಂತ ಒಂದೇ ಪ್ರಶ್ನೆಯನ್ನು ಹಲವು ಮಾತಿನಲ್ಲಿ ಕೇಳಿರಬಹುದೇ ಎಂದು ಅನುಮಾನಪಡಬೇಕು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಕಡತ ಬಳಸುವವರು ತೂಕಗಳನ್ನು, ಅಂದರೆ ಪ್ರತಿ ಸಾಲಿಗೆ ಲೆಕ್ಕದಲ್ಲಿ ಎಷ್ಟು ಬೆಲೆ ಕೊಡಬೇಕು ಎಂಬ ಸಂಖ್ಯೆಗಳನ್ನು, ಮರೆಯಬಾರದು. ಎಲ್ಲರೂ ಸಮಾನ ಸಾಧ್ಯತೆಯಿಂದ ಆಯ್ಕೆಯಾಗಿಲ್ಲ. ಮಹಿಳೆಯರ ಕಡತದ ‘ವಿ005’ ಕಾಲಮನ್ನು 10,00,000ದಿಂದ ಭಾಗಿಸಿದರೆ ತೂಕ ಸಿಗುತ್ತದೆ. ಅದರ ಜೊತೆಗೆ ಕ್ಲಸ್ಟರ್ ಮತ್ತು ಸ್ತರದ ಮಾಹಿತಿಯನ್ನೂ ಸರ್ವೆ ಆದೇಶಕ್ಕೆ ಕೊಡಿ. ತೂಕ ಬಿಟ್ಟರೆ ಶೇಕಡಾವಾರು ತಪ್ಪುತ್ತದೆ, ಕ್ಲಸ್ಟರ್ ಬಿಟ್ಟರೆ ಮಾನಕ ದೋಷ ಸುಳ್ಳೇ ಚಿಕ್ಕದಾಗುತ್ತದೆ.

ಯಾವುದನ್ನು ಯಾವುದರ ಜೊತೆ ಹೋಲಿಸುತ್ತೀರಿ ಎಂಬ ಮೂರನೆಯ ಪ್ರಶ್ನೆ ಇಲ್ಲಿ ಮುನ್ನೆಲೆಗೆ ಬರುತ್ತದೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪ್ರವೇಶದಲ್ಲಿ 1973ರಲ್ಲಿ ಅರ್ಜಿ ಹಾಕಿದ ಗಂಡಸರಲ್ಲಿ ಸುಮಾರು 44%, ಹೆಂಗಸರಲ್ಲಿ 35% ಮಂದಿಗೆ ಸೀಟು ಸಿಕ್ಕಿತ್ತು. ವಿಭಾಗವಾರು ನೋಡಿದಾಗ ಹೆಂಗಸರ ವಿರುದ್ಧದ ಆ ಒಲವು ಕಾಣಲಿಲ್ಲ. ಹೆಂಗಸರು ಹೆಚ್ಚಾಗಿ ಅರ್ಜಿ ಹಾಕಿದ್ದು ಯಾರಿಗೂ ಸೀಟು ಸುಲಭವಾಗಿ ಸಿಗದ ವಿಭಾಗಗಳಿಗೆ. ಒಟ್ಟು ಲೆಕ್ಕ ಒಂದು ಹೇಳಿ, ಭಾಗದ ಲೆಕ್ಕ ಇನ್ನೊಂದು ಹೇಳಿದಾಗ ಎರಡನ್ನೂ ಕೋಷ್ಟಕದಲ್ಲಿ ಕೊಡಿ.

ಕಾಲಸರಣಿಯಲ್ಲಿ ‘ಒಂದು’ ಇನ್ನೂ ಜಾರಿಕೊಳ್ಳುತ್ತದೆ. 30 ವರ್ಷಗಳ ದತ್ತಾಂಶ 30 ಸ್ವತಂತ್ರ ಬಿಂದುಗಳಲ್ಲ. ಈ ವರ್ಷ ಹಿಂದಿನ ವರ್ಷದ ಹೆಗಲ ಮೇಲೆ ನಿಂತಿರುತ್ತದೆ. ಏರುತ್ತಲೇ ಇರುವ ಯಾವ ಎರಡು ಸರಣಿಗಳನ್ನು ಜೋಡಿಸಿದರೂ ಆರ್-ಸ್ಕ್ವೇರ್ (ಒಂದರ ಏರಿಳಿತದ ಎಷ್ಟು ಪಾಲನ್ನು ಇನ್ನೊಂದು ವಿವರಿಸುತ್ತದೆ ಎಂಬುದು) 0.9 ದಾಟಬಹುದು. ಯೂಲ್ 1926ರಲ್ಲೇ ಇದನ್ನು ತೋರಿಸಿದರು. ಗ್ರೇಂಜರ್ ಮತ್ತು ನ್ಯೂಬೋಲ್ಡ್ 1974ರಲ್ಲಿ, ಆರ್-ಸ್ಕ್ವೇರ್ ಡರ್ಬಿನ್–ವಾಟ್ಸನ್ ಸಂಖ್ಯೆಗಿಂತ (ಒಂದು ವರ್ಷದ ಉಳಿಕೆ ಹಿಂದಿನ ವರ್ಷದ್ದನ್ನು ಎಷ್ಟು ಅನುಸರಿಸುತ್ತದೆ ಎಂಬುದರ ಅಳತೆ) ದೊಡ್ಡದಾದರೆ ಅನುಮಾನಿಸಿ ಎಂಬ ಒರಟು ನಿಯಮ ಕೊಟ್ಟರು. ಕ್ರಮ ಹೀಗಿರಲಿ: ಚಿತ್ರ ಬರೆಯಿರಿ, ಯೂನಿಟ್ ರೂಟ್ (ಸರಣಿ ಒಂದು ಮಟ್ಟಕ್ಕೆ ಮರಳದೆ ಅಲೆಯುವ ಗುಣ) ಇದೆಯೇ ಪರೀಕ್ಷಿಸಿ, ಇದ್ದರೆ ಹಿಂದಿನ ವರ್ಷದಿಂದ ವ್ಯತ್ಯಾಸ ತೆಗೆಯಿರಿ ಅಥವಾ ಕೋ-ಇಂಟಿಗ್ರೇಷನ್ (ಸರಣಿಗಳು ದೀರ್ಘಕಾಲ ಜೊತೆಯಾಗಿ ಸಾಗುವುದು) ಇದೆಯೇ ನೋಡಿ, ಆಮೇಲೆ ರಿಗ್ರೆಷನ್.

ಪಠ್ಯವನ್ನು ಎಣಿಸುವಾಗ

ಕನ್ನಡ ಪಠ್ಯಗಳ ಮೇಲೆ ಸಂಖ್ಯಾ ವಿಶ್ಲೇಷಣೆ ಮಾಡುವವರು ಈಗ ಹೆಚ್ಚುತ್ತಿದ್ದಾರೆ, ಅದು ಸಂತೋಷದ ಸಂಗತಿ. ಆದರೆ ಎಣಿಕೆಗೂ ಮೊದಲು ಶುದ್ಧೀಕರಣ ಬೇಕು. ‘ಕೋ’ ಎಂಬ ಅಕ್ಷರ ಯುನಿಕೋಡಿನಲ್ಲಿ ಒಂದೇ ಸ್ವರಚಿಹ್ನೆಯಾಗಿಯೂ ಕೂತಿರಬಹುದು, ಎರಡು ಮೂರು ತುಂಡುಗಳಾಗಿಯೂ ಇರಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಪದ. ಎಲ್ಲ ಕಡತಗಳನ್ನೂ ಎನ್‌ಎಫ್‌ಸಿ ರೂಪಕ್ಕೆ (ಇಂಥ ತುಂಡುಗಳನ್ನು ಒಂದಾಗಿ ಕೂಡಿಸುವ ಯುನಿಕೋಡ್ ಕ್ರಮ) ತನ್ನಿ, ಅಕ್ಷರಗಳನ್ನು ಕೂಡಿಸುವ ಅಥವಾ ಬಿಡಿಸುವ, ಕಣ್ಣಿಗೆ ಕಾಣದ ಜಾಯ್ನರ್ ಚಿಹ್ನೆಗಳ ಬಗ್ಗೆ ಒಂದು ನಿಯಮ ಮಾಡಿಕೊಳ್ಳಿ, ಹಳೆಯ ನುಡಿ, ಬರಹ ಕಡತಗಳನ್ನು ಮೊದಲು ಯುನಿಕೋಡಿಗೆ ಬದಲಿಸಿ.

ಪದಸಂಪತ್ತು ಅಳೆಯಲು ಭಿನ್ನ ಪದಗಳನ್ನು ಒಟ್ಟು ಪದಗಳಿಂದ ಭಾಗಿಸುತ್ತಾರೆ. ಪಠ್ಯ ಉದ್ದವಾದಂತೆ ಈ ಅನುಪಾತ ತಾನಾಗಿ ಇಳಿಯುತ್ತದೆ. ಆದ್ದರಿಂದ ಸಾವಿರ ಸಾವಿರ ಪದಗಳ ಸಮಾನ ತುಂಡು ಮಾಡಿ ಸರಾಸರಿ ತೆಗೆಯಿರಿ. ಮನೆಗೆ, ಮನೆಯಲ್ಲಿ, ಮನೆಯಿಂದಲೂ ಎಂಬವು ಮೂರು ಭಿನ್ನ ಪದಗಳಾಗಿ ಎಣಿಕೆಯಾಗುವ ಭಾಷೆ ನಮ್ಮದು. ಇಂಗ್ಲಿಷ್ ಪಠ್ಯದ ಅನುಪಾತದ ಜೊತೆ ನೇರ ಹೋಲಿಕೆಗೆ ಅರ್ಥವಿಲ್ಲ.

ಕರ್ತೃ ಯಾರೆಂದು ಕಂಡುಹಿಡಿಯುವ ಕೆಲಸದಲ್ಲಿ ವಿಷಯಪದಗಳಿಗಿಂತ ‘ಆದರೆ’, ‘ಕೂಡ’, ‘ಅಂತೂ’ಗಳಂಥ ಸಣ್ಣ ಪದಗಳೇ ಹೆಚ್ಚು ಹೇಳುತ್ತವೆ. ವಚನಗಳ ಮೇಲೆ ಇದನ್ನು ಮಾಡುವವರು ಅಂಕಿತವನ್ನು ಮೊದಲು ತೆಗೆದುಹಾಕಬೇಕು. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂಬವು ಪಠ್ಯದಲ್ಲೇ ಉಳಿದರೆ ಕಂಪ್ಯೂಟರ್ 99% ಸರಿ ಉತ್ತರ ಕೊಟ್ಟರೂ ಅದು ಶೈಲಿಯನ್ನು ಕಲಿತಿಲ್ಲ, ಸಹಿಯನ್ನು ಓದಿದೆ ಅಷ್ಟೆ. ಇಲ್ಲಿಯೂ ಹಳೆಯ ಪ್ರಶ್ನೆಯೇ: ಮೂವರು ವಚನಕಾರರ ಸಾವಿರ ವಚನಗಳಿಂದ ‘ಶರಣರು’, ‘ಶರಣೆಯರು’ ಎಂಬ ಗುಂಪುಗಳ ಬಗ್ಗೆ ತೀರ್ಮಾನ ಹೇಳಹೊರಟರೆ ಎನ್ ಸಾವಿರವಲ್ಲ, ಮೂರು.

ಬರೆಯುವಾಗ

‘ವ್ಯತ್ಯಾಸ ಸಿಗ್ನಿಫಿಕಂಟ್ ಆಗಿದೆ (ಪಿ<0.05)’ ಎಂಬ ವಾಕ್ಯದಿಂದ ಓದುಗನಿಗೆ ಏನೂ ತಿಳಿಯದು. ಹೀಗೆ ಬರೆಯಿರಿ: ‘ಸೋಂಕು ಮೊದಲ ಗುಂಪಿನಲ್ಲಿ 40/100, ಎರಡನೆಯದರಲ್ಲಿ 20/100, ವ್ಯತ್ಯಾಸ 20 ಅಂಶ, 95% ವಿಶ್ವಾಸದ ವ್ಯಾಪ್ತಿ 7.6–32.4.’ ಎಸ್‌ಪಿಎಸ್‌ಎಸ್ ಸಾಫ್ಟ್‌ವೇರ್ ಪಿ-ಮೌಲ್ಯವನ್ನು .000 ಎಂದು ತೋರಿಸಿದರೆ ಅದು ಸೊನ್ನೆಯಲ್ಲ, 0.001ಕ್ಕಿಂತ ಕಡಿಮೆ ಎಂದು ಬರೆಯಿರಿ. ± ಚಿಹ್ನೆಯ ಪಕ್ಕದ್ದು ಮಾನಕ ವಿಚಲನೆಯೋ ಮಾನಕ ದೋಷವೋ ಎಂದು ಪ್ರತಿ ಕೋಷ್ಟಕದ ಕೆಳಗೂ ಹೇಳಿ. ಎನ್ 25 ಇದ್ದರೆ ಎರಡರ ನಡುವೆ ಐದು ಪಟ್ಟು ಅಂತರವಿದೆ. ಎಷ್ಟು ಜನರನ್ನು ಸಂಪರ್ಕಿಸಿದಿರಿ, ಎಷ್ಟು ಮಂದಿ ಒಪ್ಪಿದರು, ಎಷ್ಟು ಸಾಲು ಬಿಟ್ಟಿರಿ, ಏಕೆ ಎಂಬುದಕ್ಕೆ ಲೆಕ್ಕ ಕೊಡಿ.

ಮೌಸಿನಿಂದ ಕ್ಲಿಕ್ಕಿಸಿದ್ದನ್ನು ಮೂರು ತಿಂಗಳ ಮೇಲೆ ಯಾರೂ ನೆನಪಿಟ್ಟುಕೊಳ್ಳಲಾರರು. ಉಚಿತವಾಗಿ ಸಿಗುವ ಆರ್, ಜಮೋವಿ, ಜಾಸ್ಪ್‌ಗಳಲ್ಲಿ ಯಾವುದನ್ನು ಬಳಸಿದರೂ ಆದೇಶಗಳ ಕಡತವನ್ನೋ ವಿಶ್ಲೇಷಣೆಯ ಕಡತವನ್ನೋ ಉಳಿಸಿ. ಆವೃತ್ತಿ ಸಂಖ್ಯೆ ಬರೆಯಿರಿ, ಯಾದೃಚ್ಛಿಕ ಲೆಕ್ಕವಿದ್ದರೆ ಸೀಡ್ ಸಂಖ್ಯೆಯನ್ನೂ (ಅದೇ ಯಾದೃಚ್ಛಿಕ ಸಂಖ್ಯೆಗಳು ಮತ್ತೆ ಬರುವಂತೆ ಮಾಡುವ ಆರಂಭದ ಸಂಖ್ಯೆ). 2013ರಲ್ಲಿ ಸರ್ಕಾರಿ ಸಾಲ ಮತ್ತು ಬೆಳವಣಿಗೆಯ ಬಗೆಗಿನ ರೈನ್‌ಹಾರ್ಟ್–ರೋಗಾಫ್ ಅಧ್ಯಯನದ ಎಕ್ಸೆಲ್ ಹಾಳೆಯನ್ನು ಇತರರು ತೆರೆದು ನೋಡಿದಾಗ, ಸರಾಸರಿಯ ಸೂತ್ರ ಐದು ದೇಶಗಳ ಸಾಲುಗಳನ್ನು ಬಿಟ್ಟುಬಿಟ್ಟಿದ್ದು ಗೊತ್ತಾಯಿತು. ಲೇಖಕರು ಆ ಹಾಳೆಯನ್ನು ಕೊಟ್ಟಿದ್ದರಿಂದಲೇ ತಪ್ಪು ಸಿಕ್ಕಿತು. ಪ್ರಬಂಧ ಸಲ್ಲಿಸುವ ಮುನ್ನ ಜೊತೆಯವರೊಬ್ಬರಿಗೆ ಮೂಲ ದತ್ತಾಂಶವನ್ನೂ ಆದೇಶದ ಕಡತವನ್ನೂ ಮಾತ್ರ ಕೊಟ್ಟು, ನಿಮ್ಮ ಮುಖ್ಯ ಕೋಷ್ಟಕವನ್ನು ಅವರ ಕಂಪ್ಯೂಟರಿನಲ್ಲಿ ಮತ್ತೆ ತಯಾರಿಸಲು ಹೇಳಿ. ಒಂದು ಸಂಖ್ಯೆ ಹೊಂದದಿದ್ದರೂ ಅಲ್ಲಿಗೇ ನಿಲ್ಲಿಸಿ ಕಾರಣ ಹುಡುಕಿ.